ಮನೆ ಕಟ್ಟುವ ಮುನ್ನ ನೆಲದ ಹದ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಈ ಎರಡು ಕಾರ್ಯಗಳೂ ಸಾಮಾನ್ಯ ಸಂಸಾರಿಯ ಬಾಳಿನಲ್ಲಿ ಒಂದೆರಡು ಸಲ ಮಾತ್ರ ಬರತಕ್ಕವು. ಕೈಗೊಂಡ ಮೇಲೆ ತಿದ್ದಿಕೊಳ್ಳಲು ಅವಕಾಶ ಬಹು ಕಡಿಮೆ. ಅದರಲ್ಲಿಯೂ ಹಳ್ಳಿಯ ಬೇಸಾಯಗಾರನು ಮನೆ ಕಟ್ಟುವುದೆಂದರೆ ಹತ್ತಾರು ವರ್ಷಗಳ ಆಲೂಗೆಡ್ಡೆ, ತೆಂಗು, ರಾಗಿಯ ದುಡಿಮೆಯನ್ನೂ, ಅದರ ಮೇಲೆ ಸಾಲವನ್ನೂ ಒಂದೇ ಕಡೆ ಹೂಡಿದಂತೆ. ಆದುದರಿಂದ ಈ ಕಾರ್ಯವನ್ನು ಎಲ್ಲಿಂದ ಆರಂಭಿಸಬೇಕು ಎಂಬುದು ಚಿಕ್ಕ ಪ್ರಶ್ನೆಯಲ್ಲ.

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಿಂದ ಬರುವವರು. ನಮ್ಮ ನಮ್ಮ ಊರುಗಳಲ್ಲಿ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ, ಊರ ಹೊರಗಿನ ಹೊಲಗಳಲ್ಲಿ ಹೊಸ ಮನೆಗಳು ಏಳುತ್ತಿರುವುದನ್ನು ನಾವೆಲ್ಲರೂ ನೋಡುತ್ತಿದ್ದೇವೆ. ಇಲ್ಲೊಂದು ವಿಚಿತ್ರವಿದೆ. ಒಂದು ಎಕರೆ ರಾಗಿ ಬಿತ್ತಬೇಕಾದರೆ ರೈತನು ಮಾಗಿ ಉಳುಮೆ ಮಾಡುತ್ತಾನೆ, ಗೊಬ್ಬರ ಹೊಡೆಯುತ್ತಾನೆ, ಮಳೆಯ ಹದವನ್ನು ಕಾಯುತ್ತಾನೆ. ನಾಲ್ಕು ತಿಂಗಳ ಬೆಳೆಗೆ ಇಷ್ಟು ಸಿದ್ಧತೆ. ಆದರೆ ಐವತ್ತು ವರ್ಷ ನಿಲ್ಲಬೇಕಾದ ಮನೆಗೆ ಅದೇ ರೈತನು ಕೊಡುವ ಸಿದ್ಧತೆ ಜೆ.ಸಿ.ಬಿ. ಯಂತ್ರದ ಒಂದು ಬೆಳಗಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮರಗಳು ಹೋಗಿರುತ್ತವೆ, ಮೇಲ್ಮಣ್ಣು ಟ್ರ್ಯಾಕ್ಟರಿನಲ್ಲಿ ಸಾಗಿರುತ್ತದೆ, ಇಳಿಜಾರು ಮಟ್ಟವಾಗಿರುತ್ತದೆ. ಆ ಮನೆಯ ಬೇಸಗೆಯ ಸೆಕೆ, ಮಳೆಗಾಲದ ತೇವ, ನೀರಿನ ಕೊರತೆ ಇವುಗಳಲ್ಲಿ ಹೆಚ್ಚಿನ ಪಾಲು ಆ ಒಂದು ಬೆಳಗಿನಲ್ಲಿಯೇ ನಿಶ್ಚಯವಾಗಿ ಹೋಗಿರುತ್ತದೆ. ಬಿತ್ತುವ ನೆಲದಂತೆ ಕಟ್ಟುವ ನೆಲಕ್ಕೂ ಒಂದು ಹದ ಉಂಟೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಶಕ್ತಿಯ ಮಿತವ್ಯಯವೆಂದರೇನು?

ಶಕ್ತಿಯ ಉಳಿತಾಯವೆಂದ ಕೂಡಲೇ ವಿದ್ಯುತ್ತಿನ ಬಿಲ್ಲು ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಒಂದು ಮನೆ ಮೂರು ಬಗೆಯಲ್ಲಿ ಶಕ್ತಿಯನ್ನು ಬಳಸುತ್ತದೆ. ಮೊದಲನೆಯದು, ಕಟ್ಟುವಾಗ ಬಳಕೆಯಾಗುವುದು: ಇಟ್ಟಿಗೆಯ ಗೂಡಿನಲ್ಲಿ ಉರಿಯುವ ಸೌದೆ, ಸಿಮೆಂಟು ಮತ್ತು ಕಬ್ಬಿಣದ ಕಾರ್ಖಾನೆಗಳ ಕಲ್ಲಿದ್ದಲು, ಲಾರಿಗಳ ಡೀಸೆಲ್. ಎರಡನೆಯದು, ವಾಸಿಸುವಾಗ ದಿನದಿನವೂ ಬೇಕಾಗುವುದು: ದೀಪ, ಫ್ಯಾನು, ನೀರೆತ್ತುವ ಮೋಟಾರು, ಒಲೆ, ಬಚ್ಚಲ ಹಂಡೆ. ಮೂರನೆಯದು ಯಾವ ಮೀಟರಿನಲ್ಲಿಯೂ ಕಾಣದ್ದು: ಸೆಕೆಯ ಕೋಣೆಯಲ್ಲಿ ಮಲಗುವ ವೃದ್ಧರ ಮೈಯ ಆಯಾಸ, ದೂರದಿಂದ ಕೊಡ ಹೊರುವ ಹೆಂಗಸರ ಶ್ರಮ. ಈ ಮೂರನ್ನೂ ಕಡಿಮೆ ಮಾಡುವ ಮನೆಯೇ ನಿಜವಾಗಿ ಮಿತವ್ಯಯದ ಮನೆ.

ಹಳೆಯ ತೊಟ್ಟಿ ಮನೆಗಳು ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾದುವು. ಹಾಸನದ ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಬೇಸಗೆಯ ಮಧ್ಯಾಹ್ನ ಬಿಸಿಲು ಜೋರಾಗಿದ್ದರೂ ರಾತ್ರಿ ತಂಪಾಗುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹೊರಮೈಗೆ ತಗುಲಿದ ಕಾವು ಒಳಮೈಯನ್ನು ಮುಟ್ಟಲು ಹತ್ತು ಗಂಟೆಗೂ ಹೆಚ್ಚು ಕಾಲ ಬೇಕು; ಅಷ್ಟರಲ್ಲಿ ಹೊರಗೆ ತಂಪು ಬಿದ್ದಿರುತ್ತದೆ. ನಾಲ್ಕೈದು ಅಂಗುಲದ ಕಾಂಕ್ರೀಟಿನ ತಾರಸಿಯಾದರೋ ಎರಡು ಮೂರು ಗಂಟೆಗಳಲ್ಲಿಯೇ ಕಾವನ್ನು ಕೆಳಕ್ಕೆ ಬಿಡುತ್ತದೆ. ನಮ್ಮ ಹಿರಿಯರು ಈ ಲೆಕ್ಕವನ್ನು ಬರೆದಿಡಲಿಲ್ಲ; ಆದರೆ ಅದನ್ನು ಅನುಭವದಿಂದ ಬಲ್ಲವರಾಗಿದ್ದರು.

ನಾಲ್ಕು ತಾಲ್ಲೂಕು, ಬೇರೆ ಬೇರೆ ನೆಲ

ನೆಲದ ಸಿದ್ಧತೆಗೆ ಎಲ್ಲ ಊರಿಗೂ ಸಲ್ಲುವ ಒಂದೇ ಸೂತ್ರವಿಲ್ಲ. ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರದ ಕಡೆ ೨,೦೦೦ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ, ಪೂರ್ವಕ್ಕೆ ಬಂದಂತೆ ಕಡಿಮೆಯಾಗುತ್ತ, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಚನ್ನರಾಯಪಟ್ಟಣದಲ್ಲಿ ಮಳೆನೀರನ್ನು ಹಿಡಿದಿಡುವುದು ಮೊದಲ ಕೆಲಸ. ಕೊಡಗಿನ ಗಡಿಗೆ ತಾಗಿದ ಅರಕಲಗೂಡಿನ ಪಶ್ಚಿಮ ಭಾಗದಲ್ಲಿ ನೀರು ಪಾಯಕ್ಕೆ ಇಳಿಯದಂತೆ ದಾರಿ ಮಾಡಿಕೊಡುವುದು ಮೊದಲ ಕೆಲಸ.

ಹೊಳೆನರಸೀಪುರದ ವಿಷಯವೇ ಬೇರೆ. ಭೂವಿಜ್ಞಾನಿಗಳು ಈ ಊರಿನ ಹೆಸರಿನಲ್ಲಿಯೇ ಗುರುತಿಸುವ ಶಿಲಾಪಟ್ಟಿಯು ೩೦೦ ಕೋಟಿ ವರ್ಷಗಳಿಗೂ ಹಳೆಯದು. ಅಲ್ಲಿನ ಪದರಗಲ್ಲುಗಳು ಸವೆದು ಉಂಟಾದ ಮಣ್ಣು ಬಹುಮಟ್ಟಿಗೆ ಜಿಗುಟು. ಅದರ ಪಕ್ಕದಲ್ಲಿಯೇ ಬೆಣಚುಗಲ್ಲಿನಿಂದ ಬಂದ ಮರಳು ಮಿಶ್ರಿತ ಕೆಂಪು ಮಣ್ಣೂ ಸಿಕ್ಕುತ್ತದೆ. ಹೀಗಾಗಿ ಒಂದೇ ಊರಿನ ಎರಡು ಹೊಲಗಳಲ್ಲಿ ಎರಡು ಬಗೆಯ ಪಾಯ ಬೇಕಾಗಬಹುದು. ೧೯೭೯ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ನಾಲೆಗಳ ಆಸುಪಾಸಿನ ನೆಲದ ಸ್ವಭಾವವೂ ಬದಲಾಯಿತು. ಹಿಂದೆ ಒಣಗಿದ್ದ ಹೊಲಗಳಲ್ಲಿ ಗದ್ದೆಯ ತೇವ ಬಂದಿದೆ. ನಾಲೆಯ ಕೆಳಗಿನ ತಗ್ಗಿನಲ್ಲಿ ಮನೆ ಕಟ್ಟುವವರು ಮಳೆಗಾಲದಲ್ಲಿ ಅಲ್ಲಿ ಗುಂಡಿ ತೆಗೆದು, ಎಷ್ಟು ಆಳದಲ್ಲಿ ನೀರು ಒಸರುತ್ತದೆಂದು ನೋಡದೆ ಮುಂದುವರಿಯಬಾರದು. ಅಜ್ಜನ ಕಾಲದಲ್ಲಿ ಒಣಭೂಮಿಯಾಗಿತ್ತೆಂಬ ಮಾತು ಇಲ್ಲಿ ಸಾಲದು.

ನೀರಿನ ದಾರಿಯನ್ನು ಅರಿಯುವುದು

ನೆಲವನ್ನು ಮುಟ್ಟುವ ಮೊದಲು ಅದನ್ನು ಒಂದು ವರ್ಷ ನೋಡಬೇಕು. ಮುಂಗಾರಿನ ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊಲದಲ್ಲಿ ನಿಂತರೆ, ನೀರು ಎಲ್ಲಿಂದ ಬಂದು ಎಲ್ಲಿ ನಿಂತು ಎತ್ತ ಹರಿಯುತ್ತದೆಂಬುದು ಯಾವ ನಕ್ಷೆಯೂ ಹೇಳದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ನೀರು ಹರಿದ ಕಡೆಗಳಲ್ಲಿ ಗೂಟ ಹೊಡೆದು ಗುರುತಿಟ್ಟುಕೊಳ್ಳಬೇಕು.

ಇಳಿಜಾರನ್ನು ಅಳೆಯಲು ದೊಡ್ಡ ಉಪಕರಣ ಬೇಕಾಗಿಲ್ಲ. ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಕೊಳವೆಯ ಎರಡು ತುದಿಗಳಲ್ಲಿ ನೀರು ಯಾವಾಗಲೂ ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ, ಎರಡು ಗೂಟಗಳ ಮೇಲೆ ಆ ಮಟ್ಟವನ್ನು ಗುರುತಿಸಿ ನೆಲದವರೆಗೆ ಅಳೆದರೆ ಏರಿಳಿತ ತಿಳಿಯುತ್ತದೆ. ಹೀಗೆ ಸಮಮಟ್ಟದ ಜಾಗಗಳಿಗೆಲ್ಲ ಸುಣ್ಣದ ಗೆರೆ ಎಳೆದರೆ ನೆಲದ ಆಕಾರ ಕಣ್ಣಿಗೆ ಕಾಣುತ್ತದೆ.

ಮನೆಯ ಜಾಗವು ಅತಿ ತಗ್ಗಿನಲ್ಲಿಯೂ ಇರಬಾರದು, ಗಾಳಿಗೆ ಮೈಯೊಡ್ಡಿದ ನೆತ್ತಿಯ ಮೇಲೂ ಇರಬಾರದು. ನಡುವಿನ ಸಾಧಾರಣ ಇಳಿಜಾರು ಉತ್ತಮ. ಅಲ್ಲಿಯೂ ಇಡೀ ಜಾಗವನ್ನು ಕಡಿದು ತುಂಬಿ ಮಟ್ಟ ಮಾಡುವುದು ತಪ್ಪು. ತುಂಬಿದ ಮಣ್ಣು ಹಲವು ಮಳೆಗಾಲಗಳವರೆಗೆ ಕುಸಿಯುತ್ತಲೇ ಇರುತ್ತದೆ. ಮನೆಯ ಅರ್ಧ ಪಾಯ ಕಡಿದ ಗಟ್ಟಿನೆಲದ ಮೇಲೆ, ಅರ್ಧ ಪಾಯ ತುಂಬಿದ ಸಡಿಲ ಮಣ್ಣಿನ ಮೇಲೆ ನಿಂತರೆ ಗೋಡೆ ಸೀಳುವುದು ಸಹಜ. ಆದುದರಿಂದ ಇಳಿಜಾರಿಗೆ ಅಡ್ಡವಾಗಿ ಮನೆಯ ಉದ್ದವನ್ನಿಟ್ಟು, ಬೇಕಾದಷ್ಟೇ ನೆಲವನ್ನು ಮಟ್ಟ ಮಾಡಿ, ಪಾಯವನ್ನು ಎಲ್ಲ ಕಡೆಯೂ ಅಲುಗದ ನೆಲಕ್ಕೆ ಇಳಿಸಬೇಕು. ಕೇರಳದಲ್ಲಿ ನೆಲೆಸಿ ಮಿತವ್ಯಯದ ಕಟ್ಟಡಗಳಿಗೆ ಹೆಸರಾದ ಲಾರಿ ಬೇಕರ್ (೧೯೧೭–೨೦೦೭) ಅವರು ನೆಲದ ಏರಿಳಿತಕ್ಕೆ ಕಟ್ಟಡವನ್ನು ಒಗ್ಗಿಸುತ್ತಿದ್ದರೇ ಹೊರತು ಕಟ್ಟಡಕ್ಕಾಗಿ ನೆಲವನ್ನು ಕೆಡಿಸುತ್ತಿರಲಿಲ್ಲ. ಮೇಲಿನ ದಿಕ್ಕಿನಿಂದ ಬರುವ ನೀರಿಗೆ ಮನೆಯ ಹಿಂದೆ ಒಂದು ಬದು, ಒಂದು ಕಾಲುವೆ ಮಾಡಿ ಬಳಸಿಕೊಂಡು ಹೋಗುವಂತೆ ಮಾಡಬೇಕು. ಹಳ್ಳವನ್ನು ಮುಚ್ಚಿ ಮನೆ ಕಟ್ಟಿದರೆ ಒಂದು ವರ್ಷ ಅಲ್ಲದಿದ್ದರೆ ಇನ್ನೊಂದು ವರ್ಷ ಹಳ್ಳವು ತನ್ನ ದಾರಿಯನ್ನು ಹುಡುಕಿಕೊಂಡು ಬರುತ್ತದೆ.

ಸೂರ್ಯನ ದಾರಿ

ಹಾಸನ ಜಿಲ್ಲೆ ಉತ್ತರ ಅಕ್ಷಾಂಶ ೧೩ ಡಿಗ್ರಿಯ ಆಸುಪಾಸಿನಲ್ಲಿದೆ. ಆದುದರಿಂದ ವರ್ಷದಲ್ಲಿ ಎರಡು ಸಲ, ಏಪ್ರಿಲ್ ೨೫ ಮತ್ತು ಆಗಸ್ಟ್ ೧೮ರ ಸುಮಾರಿಗೆ, ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಈ ಎರಡು ದಿನಗಳ ನಡುವೆ ಅವನು ಮಧ್ಯಾಹ್ನ ತುಸು ಉತ್ತರಕ್ಕಿರುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ ವಾಲುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು ೫೩½ ಡಿಗ್ರಿ ಮಾತ್ರ.

ಇದರಿಂದ ಮನೆಗೇನು ಪ್ರಯೋಜನ? ದಕ್ಷಿಣದ ಗೋಡೆಗೆ ಎರಡು ಅಡಿ ಮುಂಚಾಚಿದ ಸೂರು ಇದೆಯೆಂದು ಭಾವಿಸೋಣ. ಡಿಸೆಂಬರಿನ ಮಧ್ಯಾಹ್ನ ಅದರ ನೆರಳು ಗೋಡೆಯ ಮೇಲೆ ೨.೭ ಅಡಿಯಷ್ಟು ಇಳಿಯುತ್ತದೆ. ಅದರ ಕೆಳಗೆ ಕಿಟಕಿಯ ಮೂಲಕ ಚಳಿಗಾಲದ ಹಿತವಾದ ಬಿಸಿಲು ಒಳಗೆ ಬರುತ್ತದೆ. ಮಾರ್ಚ್ ೨೧ರ ಹೊತ್ತಿಗೆ ಅದೇ ಸೂರಿನ ನೆರಳು ಎಂಟೂವರೆ ಅಡಿಗೂ ಮೀರಿ ಗೋಡೆಯನ್ನೆಲ್ಲ ಮುಚ್ಚುತ್ತದೆ. ಯಾವ ಖರ್ಚೂ ಇಲ್ಲದೆ ಚಳಿಗೆ ಬಿಸಿಲು, ಬೇಸಗೆಗೆ ನೆರಳು! ಆದರೆ ಪೂರ್ವ ಪಶ್ಚಿಮದ ಗೋಡೆಗಳಿಗೆ ಸೂರ್ಯನು ಕೆಳಗಿನಿಂದ ಓರೆಯಾಗಿ ಹೊಡೆಯುವುದರಿಂದ ಸೂರು ಅಷ್ಟಾಗಿ ನೆರವಿಗೆ ಬಾರದು. ಆದುದರಿಂದ ಮನೆಯ ಉದ್ದವು ಪೂರ್ವಪಶ್ಚಿಮವಾಗಿರಬೇಕು. ಗಿಡ್ಡ ಗೋಡೆಗಳು ಮಾತ್ರ ಸಂಜೆಯ ಬಿಸಿಲಿಗೆ ಸಿಕ್ಕಬೇಕು. ಮುಂಬಾಗಿಲು ಪೂರ್ವಕ್ಕಿರಬೇಕೆಂಬ ಮನೆತನದ ಸಂಪ್ರದಾಯಕ್ಕೆ ಇದರಿಂದ ಅಡ್ಡಿಯಿಲ್ಲ. ಗಿಡ್ಡ ಗೋಡೆಯಲ್ಲಿ ಬಾಗಿಲಿಟ್ಟು, ಮುಂದೆ ಜಗುಲಿ ಕಟ್ಟಿದರೆ ಸಂಪ್ರದಾಯವೂ ಉಳಿಯಿತು, ತಂಪೂ ಉಳಿಯಿತು.

ದಿಕ್ಕನ್ನು ನಿಖರವಾಗಿ ಗುರುತಿಸಲು ಒಂದು ನೆಟ್ಟಗಿನ ಗೂಟ ಮತ್ತು ಹಗ್ಗ ಸಾಕು. ಗೂಟವನ್ನು ನಟ್ಟು, ಅದರ ಸುತ್ತ ಒಂದು ವೃತ್ತ ಎಳೆಯಬೇಕು. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತವನ್ನು ಮುಟ್ಟುವ ಜಾಗ ಒಂದು, ಮಧ್ಯಾಹ್ನದ ಮೇಲೆ ಮುಟ್ಟುವ ಜಾಗ ಇನ್ನೊಂದು. ಇವೆರಡನ್ನೂ ಕೂಡಿಸುವ ಗೆರೆಯೇ ಪೂರ್ವಪಶ್ಚಿಮ ರೇಖೆ. ಕಾತ್ಯಾಯನ ಶುಲ್ಬಸೂತ್ರದಷ್ಟು ಹಳೆಯದಾದ ಈ ಕ್ರಮ ಇಂದಿಗೂ ಪ್ರಯೋಜನಕಾರಿ.

ಗಾಳಿ ಮತ್ತು ಮರ

ಮಳೆಗಾಲದಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ ಮತ್ತು ಈಶಾನ್ಯದಿಂದ. ದನದ ಕೊಟ್ಟಿಗೆ, ತಿಪ್ಪೆ, ಅರಕಲಗೂಡಿನ ಕಡೆಯಾದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಇವುಗಳ ಜಾಗವನ್ನು ಮನೆಗೆ ಮುಂಚೆಯೇ ಗೊತ್ತುಮಾಡಬೇಕು. ಇಲ್ಲದಿದ್ದರೆ ಅವುಗಳ ಹೊಗೆಯೂ ವಾಸನೆಯೂ ವರ್ಷದಲ್ಲಿ ಹಲವು ತಿಂಗಳು ಮನೆಯ ಕಿಟಕಿಗಳನ್ನು ಮುಚ್ಚಿಸಿಬಿಡುತ್ತವೆ.

ಇದ್ದ ಮರವನ್ನು ಕಡಿಯುವುದಕ್ಕೆ ಅರ್ಧ ಗಂಟೆ ಸಾಕು. ಬೆಳೆಸುವುದಕ್ಕೆ ಹದಿನೈದು ವರ್ಷ ಬೇಕು. ಆದುದರಿಂದ ನಕ್ಷೆ ಬರೆಯುವ ಮೊದಲು ಹೊಲದಲ್ಲಿನ ಪ್ರತಿಯೊಂದು ಮರವನ್ನೂ ಗುರುತಿಸಿ, ಮರಕ್ಕೆ ತಕ್ಕಂತೆ ಮನೆಯನ್ನು ಸರಿಸಬೇಕು. ಪಶ್ಚಿಮದ ಕಡೆ ಹೊಂಗೆ, ಬೇವು, ಹಲಸು ಇದ್ದರೆ ಅದು ಭಾಗ್ಯ. ಹೊಂಗೆ ವಿಶೇಷವಾಗಿ ಶ್ರೇಷ್ಠ. ಚಳಿಗಾಲ ಕಳೆಯುವಾಗ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ದಟ್ಟವಾಗುತ್ತದೆ. ತೆಂಗಿನ ನೆರಳು ಎತ್ತರದಲ್ಲಿ ಹರಡುವುದರಿಂದ ಗೋಡೆಗೆ ಅಷ್ಟು ಉಪಯೋಗವಿಲ್ಲ. ಆಲ, ಅರಳಿ, ಅತ್ತಿಗಳ ಬೇರು ಪಾಯಕ್ಕೆ ಅಪಾಯ. ಮರವಿಲ್ಲದ ನೆಲದಲ್ಲಿ ಮನೆ ಕಟ್ಟುವ ಹಿಂದಿನ ಮಳೆಗಾಲದಲ್ಲಿಯೇ ಗೋಡೆಯ ಜಾಗದಿಂದ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ಸಸಿ ನೆಡಬೇಕು. ಅವು ಏರುವವರೆಗೆ ನುಗ್ಗೆ, ಬಾಳೆ ಪಶ್ಚಿಮದ ಬಿಸಿಲನ್ನು ತಡೆಯುತ್ತವೆ. ದಕ್ಷಿಣದ ಕಡೆ ಮಾತ್ರ ಎತ್ತರದ ಮರ ಬೇಡ. ಚಳಿಗಾಲದ ಬಿಸಿಲಿಗೂ, ಛಾವಣಿಯ ಮೇಲೆ ಇಡಬಹುದಾದ ಸೌರಫಲಕಕ್ಕೂ ಆ ದಿಕ್ಕು ತೆರೆದಿರಬೇಕು. ಒಂದು ಕಿಲೋವ್ಯಾಟಿನ ಫಲಕಗಳು ನಮ್ಮ ಸೀಮೆಯಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ವಿದ್ಯುತ್ತು ಕೊಡಬಲ್ಲವು. ೨೦೨೪ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ ೩೦,೦೦೦ ರೂಪಾಯಿ, ಎರಡಕ್ಕೆ ೬೦,೦೦೦ ರೂಪಾಯಿ ಸಹಾಯಧನವನ್ನು ಗೊತ್ತುಮಾಡಲಾಯಿತು. ಆದರೆ ನೆರಳು ಬಿದ್ದ ಫಲಕಕ್ಕೆ ಯಾವ ಸಹಾಯಧನವೂ ಬೆಳಕನ್ನು ತಂದುಕೊಡಲಾರದು.

ಮಣ್ಣಿನ ಪರೀಕ್ಷೆ

ನೆಲದ ಮೇಲಿನ ಆರರಿಂದ ಒಂಬತ್ತು ಅಂಗುಲದ ಮಣ್ಣು ಬೇಸಾಯದ ಸಂಪತ್ತು. ಎಷ್ಟೋ ತಲೆಮಾರುಗಳ ಗೊಬ್ಬರ, ಬೇರು, ಎಲೆ ಕೊಳೆತು ಆದ ಮಣ್ಣದು. ಗೋಡೆಗಾಗಲಿ ಪಾಯಕ್ಕಾಗಲಿ ಅದು ನಿಷ್ಪ್ರಯೋಜಕ, ಕೈತೋಟಕ್ಕೆ ಅಮೂಲ್ಯ. ಅದನ್ನು ಮೊದಲು ಬೇರೆಯಾಗಿ ತೆಗೆದು, ಹೊಲದ ಒಂದು ಬದಿಯಲ್ಲಿ ರಾಶಿ ಹಾಕಿ, ಹುರುಳಿಯನ್ನೋ ಅಲಸಂದೆಯನ್ನೋ ಚೆಲ್ಲಿ ಕಾಪಾಡಬೇಕು. ಮನೆ ಮುಗಿದ ಮೇಲೆ ಅದೇ ಮಣ್ಣು ಹಿತ್ತಿಲಿಗೆ ಹಿಂದಿರುಗುತ್ತದೆ.

ಅದರ ಕೆಳಗಿನ ಮಣ್ಣನ್ನು ಪರೀಕ್ಷಿಸುವ ಸುಲಭವಾದ ವಿಧಾನವೊಂದಿದೆ. ಒಂದು ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷಗಳಲ್ಲಿ ತಳ ಸೇರುತ್ತದೆ. ನಯವಾದ ಹೂಳು ಒಂದೆರಡು ಗಂಟೆಗಳಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿ ನಿಲ್ಲಲು ಒಂದು ದಿನ ಬೇಕು. ಮೂರು ಪದರಗಳನ್ನು ಅಳತೆಪಟ್ಟಿಯಿಂದ ಅಳೆದರೆ ಮಣ್ಣಿನ ಗುಣ ಗೊತ್ತಾಗುತ್ತದೆ. ನೂರಕ್ಕೆ ಅರವತ್ತೈದು ಭಾಗಕ್ಕಿಂತ ಹೆಚ್ಚು ಮರಳು, ಹತ್ತರಿಂದ ಹದಿನೈದು ಭಾಗ ಜೇಡಿ ಇದ್ದರೆ ಗೋಡೆಯ ಇಟ್ಟಿಗೆಗೆ ಅದು ಒಳ್ಳೆಯ ಮಣ್ಣು. ಜೇಡಿ ಹೆಚ್ಚಾಗಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಬೆರೆಸಬೇಕು. ಬೇಸಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು ಸಿಕ್ಕಿದರೆ ಜಾಗವನ್ನೇ ಬದಲಿಸುವುದು ಲೇಸು. ಸಾಧ್ಯವಿಲ್ಲದಿದ್ದರೆ ಪಾಯದ ಬಗ್ಗೆ ಎಂಜಿನಿಯರರ ಸಲಹೆ ಪಡೆಯಲೇಬೇಕು.

ಗೋಡೆ ಎದ್ದ ಗುಂಡಿಯೇ ನೀರಿನ ತೊಟ್ಟಿ

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮಗಳಿಗೆ ಅನ್ವಯಿಸುವುದು ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಗ್ರಾಮೀಣ ಕೇಂದ್ರವಿತ್ತು. ಕೆ. ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಅಲ್ಪ ಸಿಮೆಂಟು ಬೆರೆಸಿದ ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು ೨೦೦೩ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇಂಥ ಇಟ್ಟಿಗೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಗೆ ತಗಲುವುದರ ಸುಮಾರು ಕಾಲು ಭಾಗ ಮಾತ್ರ.

ಇದನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡೋಣ. ಹತ್ತು ಚದರದ, ಎಂದರೆ ೧,೦೦೦ ಚದರಡಿಯ ಮನೆಗೆ ೧೨೦ ಚದರ ಮೀಟರ್ ಗೋಡೆ ಬೇಕೆಂದು ಇಟ್ಟುಕೊಳ್ಳೋಣ. ಒತ್ತಿದ ಇಟ್ಟಿಗೆಯ ಅಳತೆ ೨೩೦ × ೧೯೦ × ೧೦೦ ಮಿಲಿಮೀಟರ್. ಗಾರೆಯ ಸಂದನ್ನೂ ಸೇರಿಸಿದರೆ ಒಂದು ಚದರ ಮೀಟರಿಗೆ ೩೮ ಇಟ್ಟಿಗೆಯಂತೆ ಒಟ್ಟು ಸುಮಾರು ೪,೫೦೦ ಇಟ್ಟಿಗೆ ಆಗುತ್ತದೆ. ನೂರಕ್ಕೆ ಏಳು ಭಾಗ ಸಿಮೆಂಟಿನಂತೆ ಒಂದು ಮೂಟೆಯಲ್ಲಿ ತೊಂಬತ್ತು ಇಟ್ಟಿಗೆ ಆಗುವುದರಿಂದ ಐವತ್ತು ಮೂಟೆ ಸಾಕು. ಇಷ್ಟು ಇಟ್ಟಿಗೆಗೆ ಬೇಕಾದ ಮಣ್ಣು ಸುಮಾರು ೨೦ ಘನ ಮೀಟರ್. ಅದನ್ನು ಸ್ವಂತ ನೆಲದಲ್ಲಿಯೇ ಅಗೆದರೆ ೨೦,೦೦೦ ಲೀಟರ್ ನೀರು ಹಿಡಿಯುವ ಗುಂಡಿ ತಾನಾಗಿಯೇ ಸಿದ್ಧವಾಗುತ್ತದೆ! ಆ ಗುಂಡಿಗೆ ಕಲ್ಲು ಕಟ್ಟಿ, ಒಳಗೆ ಗಾರೆ ಬಳಿದು, ಮೇಲೆ ಮುಚ್ಚಿದರೆ ಮಳೆನೀರಿನ ತೊಟ್ಟಿ.

ಮಳೆಯ ಲೆಕ್ಕವೂ ಸರಳ. ಹತ್ತು ಚದರದ ಛಾವಣಿ ೯೩ ಚದರ ಮೀಟರ್. ಒಂದು ಮಿಲಿಮೀಟರ್ ಮಳೆ ಬಿದ್ದರೆ ೯೩ ಲೀಟರ್ ನೀರು. ವರ್ಷಕ್ಕೆ ೭೦೦ ಮಿಲಿಮೀಟರ್ ಮಳೆಯೆಂದು ಹಿಡಿದು, ಐದರಲ್ಲೊಂದು ಭಾಗ ಪೋಲಾಯಿತೆಂದು ಕಳೆದರೂ ೫೨,೦೦೦ ಲೀಟರ್ ಉಳಿಯುತ್ತದೆ. ೨೦೧೯ರ ಜಲಜೀವನ ಯೋಜನೆಯು ಗೊತ್ತುಮಾಡಿದಂತೆ ತಲೆಗೆ ದಿನಕ್ಕೆ ೫೫ ಲೀಟರ್ ಎಂದರೆ, ಐದು ಮಂದಿಯ ಕುಟುಂಬಕ್ಕೆ ಇದು ಆರು ತಿಂಗಳ ನೀರು. ಕೊಳವೆಬಾವಿಯ ಆಳದಿಂದ ಅಷ್ಟು ನೀರನ್ನು ಎತ್ತುವ ವಿದ್ಯುತ್ತೂ ಉಳಿಯಿತು. ಗುಂಡಿಯನ್ನು ಎಲ್ಲಿ ತೆಗೆಯಬೇಕೆಂಬುದನ್ನು ಮೊದಲೇ ಯೋಚಿಸಿ, ಪಾಯದಿಂದ ತಕ್ಕಷ್ಟು ದೂರದಲ್ಲಿ, ಛಾವಣಿಯ ನೀರು ಸುಲಭವಾಗಿ ಇಳಿಯುವ ಬದಿಯಲ್ಲಿ ಇಟ್ಟುಕೊಳ್ಳಬೇಕು.

ನಾಲ್ಕೈದು ದನಗಳಿರುವ ಮನೆಯವರು ಇದೇ ಕಾಲದಲ್ಲಿ ಗೊಬ್ಬರದ ಅನಿಲದ ತೊಟ್ಟಿಗೂ ಜಾಗ ಬಿಡಬೇಕು. ದಿನಕ್ಕೆ ೫೦ ಕಿಲೋ ಸಗಣಿಯಿಂದ ಸುಮಾರು ಎರಡು ಘನ ಮೀಟರ್ ಅನಿಲ ದೊರೆಯುತ್ತದೆ; ಅದು ಐದಾರು ಮಂದಿಯ ಅಡಿಗೆಗೆ ಸಾಲುತ್ತದೆ. ತೊಟ್ಟಿಯು ಕೊಟ್ಟಿಗೆಗೂ ಅಡಿಗೆಮನೆಗೂ ಹತ್ತಿರವಾಗಿ, ಬಿಸಿಲು ಬೀಳುವಂತೆ, ಕುಡಿಯುವ ನೀರಿನ ಬಾವಿಯಿಂದ ಐವತ್ತು ಅಡಿಯಾದರೂ ದೂರವಾಗಿರಬೇಕು. ಮನೆ ಮುಗಿದ ಮೇಲೆ ಇಂಥ ಜಾಗ ಹುಡುಕಿದರೆ ಸಿಕ್ಕುವುದಿಲ್ಲ.

ಕಾಗದದ ಮೇಲಿನ ನೆಲ

ಹೊಲದ ನೆಲವನ್ನು ಹದ ಮಾಡಿದಂತೆ ದಾಖಲೆಯ ನೆಲವನ್ನೂ ಹದ ಮಾಡಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಅಣ್ಣತಮ್ಮಂದಿರ ಭಾಗಕ್ಕೆ ಪೋಡಿ ಆಗಿದೆಯೆ, ಹದ್ದುಬಸ್ತು ಅಳತೆಯ ಕಲ್ಲುಗಳು ಎಲ್ಲಿವೆ, ಖರಾಬು ನೆಲ ಎಷ್ಟು, ಕೆರೆಯಂಗಳ ಅಥವಾ ಕಾಲುವೆ ಸೇರಿದೆಯೆ, ಇವುಗಳನ್ನು ಮೊದಲೇ ನೋಡಬೇಕು. ಬೇಸಾಯದ ಜಮೀನನ್ನು ವಾಸಕ್ಕೆ ಬಳಸಲು ೧೯೬೪ರ ಕರ್ನಾಟಕ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಂತೆ ಭೂಪರಿವರ್ತನೆಯ ವಿಧಿಯುಂಟು. ಕಟ್ಟಡದ ಪರವಾನಗಿಯು ೧೯೯೩ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯತಿಗೆ ಸೇರಿದ್ದು. ಗ್ರಾಮಠಾಣೆಯೊಳಗೆ ಹಳೆಯ ಮನೆಯ ಜಾಗವೇ ಇದ್ದರೆ, ಅದನ್ನು ಸರಿಪಡಿಸಿ ಅಲ್ಲಿಯೇ ಕಟ್ಟುವುದು ಎಷ್ಟೋ ಸಲ ಮೇಲು. ಬೇಸಾಯದ ನೆಲ ಉಳಿಯುತ್ತದೆ. ರಸ್ತೆ, ನೀರಿನ ಕೊಳವೆ, ವಿದ್ಯುತ್ ಕಂಬ ಇವುಗಳನ್ನು ದೂರಕ್ಕೆ ಎಳೆಯುವ ಖರ್ಚೂ ಉಳಿಯುತ್ತದೆ.

ವರ್ಷದ ಕ್ರಮ

ಮೇಲೆ ಹೇಳಿದ ಕೆಲಸಗಳನ್ನು ನಮ್ಮ ರೈತನ ಮಳೆನಕ್ಷತ್ರಗಳ ಕ್ರಮಕ್ಕೆ ಹೀಗೆ ಹೊಂದಿಸಬಹುದು.

ಯುಗಾದಿಯ ಬಿಸಿಲಿನಲ್ಲಿ ನೆರಳನ್ನೂ ಮರಗಳನ್ನೂ ಗುರುತಿಸುವುದು. ದಾಖಲೆಗಳ ಕೆಲಸಕ್ಕೆ ಕೈಹಾಕುವುದು.

ಮೃಗಶಿರ, ಆರಿದ್ರ ಮಳೆಯಲ್ಲಿ ನೀರಿನ ದಾರಿಗೆ ಗೂಟ ಹೊಡೆಯುವುದು; ಪಶ್ಚಿಮಕ್ಕೆ ಸಸಿ ನೆಡುವುದು.

ಸ್ವಾತಿ ಮಳೆ ಕಳೆದ ಮೇಲೆ 'ನೀರಿನ ಕೊಳವೆ'ಯಿಂದ ಮಟ್ಟ ನೋಡುವುದು, ಬಾಟಲಿಯಲ್ಲಿ ಮಣ್ಣಿನ ಪರೀಕ್ಷೆ ಮಾಡುವುದು, ಮೇಸ್ತ್ರಿಯೊಡನೆ ನಕ್ಷೆ ಬರೆಯುವುದು.

ಸಂಕ್ರಾಂತಿಯ ಹೊತ್ತಿಗೆ ಮೇಲ್ಮಣ್ಣು ತೆಗೆದು, ಗುಂಡಿ ಅಗೆದು ಇಟ್ಟಿಗೆ ಒತ್ತುವುದು. ಒತ್ತಿದ ಇಟ್ಟಿಗೆಯನ್ನು ನೆರಳಿನಲ್ಲಿ ಮೂರು ನಾಲ್ಕು ವಾರ ನೀರು ಚಿಮುಕಿಸಿ ಮಾಗಿಸಬೇಕು. ಅದೇ ಅವಧಿಯಲ್ಲಿ ಕಲ್ಲಿನ ಪಾಯ ಹಾಕಿ, ನೆಲದಿಂದ ಒಂದೂವರೆ ಎರಡು ಅಡಿ ಮೇಲಕ್ಕೆತ್ತಬೇಕು.

ಮುಂದಿನ ರೋಹಿಣಿ ಮಳೆಯೊಳಗೆ ಛಾವಣಿ ಮುಚ್ಚಿದರೆ ಮೊದಲ ಮುಂಗಾರಿನ ನೀರೇ ತೊಟ್ಟಿಗೆ ಬೀಳುತ್ತದೆ.

ಕೆಲವು ಆಕ್ಷೇಪಣೆಗಳು

ಮಣ್ಣಿನ ಮನೆ ಬಡವರ ಮನೆಯೆಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿದೆ. ಹೆಣ್ಣು ಕೊಡುವವರು ಮನೆಯನ್ನು ನೋಡಿ ಹೋಗುವ ಸಮಾಜದಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಯಂತ್ರದಲ್ಲಿ ಒತ್ತಿ ಮಾಗಿಸಿದ ಇಟ್ಟಿಗೆಯ ಗೋಡೆ ನೋಡಲು ಅಂದವಾಗಿಯೂ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಇಷ್ಟಾದರೂ ಮನೆಯವರು ಒಪ್ಪದೆ ಸುಟ್ಟ ಇಟ್ಟಿಗೆಯನ್ನೇ ಬಯಸಿದರೆ, ದಿಕ್ಕು, ನೆರಳು, ನೀರು, ಪಾಯ ಇವುಗಳ ಸಿದ್ಧತೆ ಆಗಲೂ ಅಷ್ಟೇ ಸಲ್ಲುತ್ತದೆ.

೨೦೨೩ರಲ್ಲಿ ಗೃಹಜ್ಯೋತಿ ಯೋಜನೆ ಬಂದು ತಿಂಗಳಿಗೆ ೨೦೦ ಯೂನಿಟ್‌ವರೆಗೆ ಬಿಲ್ಲಿಲ್ಲವೆಂದಾದ ಮೇಲೆ ಉಳಿಸುವ ಮಾತೇಕೆ ಎಂದು ಕೇಳುವವರೂ ಉಂಟು. ಬಿಲ್ಲನ್ನು ಸರ್ಕಾರ ಕಟ್ಟಬಹುದು. ಏಪ್ರಿಲ್ ತಿಂಗಳ ರಾತ್ರಿ ವಿದ್ಯುತ್ತು ನಿಂತಾಗ ತಾರಸಿಯ ಕಾವನ್ನು ಮನೆಯವರೇ ಅನುಭವಿಸಬೇಕು. ಗೂಡಿನಲ್ಲಿ ಉರಿದ ಸೌದೆಯನ್ನೂ, ಬತ್ತಿದ ಕೊಳವೆಬಾವಿಯನ್ನೂ ಯಾವ ಯೋಜನೆಯೂ ಹಿಂದಕ್ಕೆ ತಂದುಕೊಡುವುದಿಲ್ಲ.

ಒಂದು ವರ್ಷ ಕಾಯುವಷ್ಟು ವ್ಯವಧಾನವಿಲ್ಲ ಎಂಬುದು ಮೂರನೆಯ ಆಕ್ಷೇಪಣೆ. ಮಗಳ ಮದುವೆಯೊಳಗೆ ಗೃಹಪ್ರವೇಶವಾಗಬೇಕೆಂಬ ಆತುರ ಅರ್ಥವಾಗತಕ್ಕದ್ದೇ. ಆದರೆ ಹಣ ಕೂಡಿಸಲು, ಕಾಗದಪತ್ರ ಸರಿಪಡಿಸಲು ಹೇಗೂ ಅಷ್ಟು ಕಾಲ ಹಿಡಿಯುತ್ತದೆ. ಆ ಕಾಲವನ್ನು ನೆಲವನ್ನು ನೋಡಲು ಬಳಸಿಕೊಂಡರೆ ಕಾದಂತೆ ಆಗುವುದಿಲ್ಲ.

ಉಪಸಂಹಾರ

ಈ ವಿಷಯದಲ್ಲಿ ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದು ಬಹಳವಿದೆ. ಭೂಗೋಳದ ತರಗತಿಯಲ್ಲಿ ಕಲಿತ ಅಕ್ಷಾಂಶ, ಸಮೋನ್ನತ ರೇಖೆ, ಮಳೆಮಾರುತಗಳು ಪರೀಕ್ಷೆಯ ಉತ್ತರಪತ್ರಿಕೆಯೊಂದಿಗೆ ಮುಗಿಯಬೇಕಾಗಿಲ್ಲ. ರಜೆಗೆ ಊರಿಗೆ ಹೋದಾಗ ಒಂದು ಬಾಟಲಿ, ಒಂದು ಗೂಟ, ಒಂದು ಅಳತೆಪಟ್ಟಿ ಹಿಡಿದು ನಮ್ಮ ಹೊಲವನ್ನು ನಾವೇ ಅಭ್ಯಾಸ ಮಾಡಬಹುದು. ಮನೆ ಕಟ್ಟುವ ಮಾತು ಬಂದಾಗ, ಯಂತ್ರದವನಿಗೆ ಕರೆ ಹೋಗುವ ಮೊದಲು, ಅಪ್ಪನಿಗೋ ಚಿಕ್ಕಪ್ಪನಿಗೋ ನಾಲ್ಕು ಮಾತು ಹೇಳುವಷ್ಟು ಜ್ಞಾನ ನಮ್ಮಲ್ಲಿದ್ದರೆ ಓದಿದ್ದು ಸಾರ್ಥಕ. ಕಟ್ಟಿದ ಗೋಡೆಯನ್ನು ಕೆಡವುವುದು ಕಷ್ಟ. ಸುಣ್ಣದ ಗೆರೆಯನ್ನು ಅಳಿಸಿ ಬೇರೆ ಕಡೆ ಎಳೆಯುವುದು ಸುಲಭ. ತಿದ್ದುವ ಕಾಲ ಅದೊಂದೇ, ಅದನ್ನು ಕಳೆದುಕೊಳ್ಳಬಾರದು.